ಗುಳ್ಳೆ ನೋಡಿ ತಿರುವುವ ಚಾಕಲೇಟ್ ದ್ವಾಸಿ

ಬೆಳಗಿನ ಐದು ಗಂಟೆ. ತಾಂಡೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಹಾನಂದಾ ಅವರ ಅಡುಗೆಮನೆಯ ದೀಪ ಆಗಲೇ ಉರಿಯುತ್ತಿದೆ. ಫರ್ಸಿ ಕಲ್ಲಿನ ಕಟ್ಟೆಯ ಮೇಲೆ ಬೆಣ್ಣೆಯ ಬಟ್ಟಲು, ಮಜ್ಜಿಗೆಯ ತಂಬಿಗೆ, ಹಿಟ್ಟಿನ ಡಬ್ಬಿಗಳು, ಕೋಕೋ ಪುಡಿ ಸಾಲಾಗಿ ಕುಳಿತಿವೆ. ಒಲೆ ಇನ್ನೂ ಹಚ್ಚಿಲ್ಲ. ಮಹಾನಂದಾ ಬೆಣ್ಣೆಯ ಬಟ್ಟಲನ್ನು ಎತ್ತಿ, ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿರುವ ನೆರೆಮನೆಯ ಅನಸೂಯಾಬಾಯಿಯವರ ಮೂಗಿನ ಹತ್ತಿರ ಹಿಡಿಯುತ್ತಾರೆ.

ಅನಸೂಯಾಬಾಯಿ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ. “ತಾಜಾ ಅದ.” ಆಮೇಲೆ ಮಜ್ಜಿಗೆ. “ನಿನ್ನೀದು. ಹುಳಿ ಬಂದದ, ನಡೀತದ.” ಗೋಧಿ ಹಿಟ್ಟಿನ ಡಬ್ಬಿಗೆ ಬಂದಾಗ ಅವರ ಹುಬ್ಬು ಗಂಟಾಗುತ್ತದೆ. ಇನ್ನೊಮ್ಮೆ ಮೂಸಿ ತಲೆಯಾಡಿಸುತ್ತಾರೆ. “ಗಿರಣ್ಯಾಂವ ನಿನ್ನ ಗೋಧಿಗಿಂತ ಮೊದಲ ಮೆಣಸಿನಕಾಯಿ ಬೀಸ್ಯಾನ. ಇದು ಬ್ಯಾಡ.”

“ಚಪಾತಿಗಿ ಇಡ್ತೀನಿ ಬಿಡ್ರಿ ಅಕ್ಕಾ,” ಎನ್ನುತ್ತ ಮಹಾನಂದಾ ಆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಬೇರೊಂದನ್ನು ತೆಗೆಯುತ್ತಾರೆ. ನಾನೂ ಬಗ್ಗಿ ಆ ಹಿಟ್ಟನ್ನು ಮೂಸಿ ನೋಡುತ್ತೇನೆ. ನನಗೆ ಗೋಧಿ ಬಿಟ್ಟು ಏನೂ ಗೊತ್ತಾಗುವುದಿಲ್ಲ.

ಮನೆಯಲ್ಲೇ ಚಾಕಲೇಟ್ ಪ್ಯಾನ್‌ಕೇಕ್ ಮಾಡುವ ಐವತ್ತೆರಡರ ಹೆಂಗಸೊಬ್ಬರು ತಾಂಡೂರಿನಲ್ಲಿದ್ದಾರೆ ಎಂದು ಕೇಳಿ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಡುಗೆ ಮಾಡುವವರು ಯಾವುದನ್ನೂ ಮೂಸುವುದಿಲ್ಲ. ಮೂಸುವವರು ಯಾವುದನ್ನೂ ಮುಟ್ಟುವುದಿಲ್ಲ. ಕಾರಣ ಕೇಳಿದರೆ ಮಹಾನಂದಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ನನಗ ವಾಸನಿ ಬರಲ್ರಿ. ನಾಲ್ಕು ವರ್ಷ ಆತು. ಊದಿನಕಡ್ಡಿ ಹಚ್ಚಿದ್ರೂ ಅಷ್ಟ, ಗ್ಯಾಸ್ ಸೋರಿದ್ರೂ ಅಷ್ಟ.”

ಈ ಮಾತನ್ನು ಇಷ್ಟು ಸಲೀಸಾಗಿ ಹೇಳುವುದಕ್ಕೆ ಅವರಿಗೆ ಎರಡು ವರ್ಷ ಬೇಕಾಗಿತ್ತು.

ಮಹಾನಂದಾ ಹುಟ್ಟಿದ್ದು ಬಶೀರಾಬಾದಿನಲ್ಲಿ, ಮದುವೆಯಾಗಿ ಬಂದದ್ದು ತಾಂಡೂರಿಗೆ. ಪತಿ ವೈಜಿನಾಥ ಬೇಳೆ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ತೂಕದ ಕೆಲಸ ನೋಡಿಕೊಳ್ಳುತ್ತಾರೆ. ಮಗ ಪ್ರವೀಣಕುಮಾರ ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಮಹಾನಂದಾ ಹದಿನೆಂಟು ವರ್ಷ ಬಸ್ ನಿಲ್ದಾಣದ ಹತ್ತಿರದ ಖಂಡೆಪ್ಪನವರ ಖಾನಾವಳಿಯಲ್ಲಿ ಅಡುಗೆ ಮಾಡಿದವರು. ಅಲ್ಲಿ ಅವರ ಕೈಗಿಂತ ಮೂಗಿಗೇ ಹೆಚ್ಚು ಹೆಸರಿತ್ತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರೂ ಒಳಗಿನ ಬೇಳೆ ಇನ್ನೇನು ತಳ ಹಿಡಿಯುತ್ತದೆ ಎಂಬುದು ಅವರಿಗೆ ತಿಳಿಯುತ್ತಿತ್ತು. “ಜೀರಿಗಿ ಎಷ್ಟು ಕೆಂಪಾಗ್ಯದ ಅಂತ ಕಣ್ಣಿಲೆ ನೋಡಿದಾಕೀನೇ ಅಲ್ರಿ ನಾ,” ಎನ್ನುತ್ತಾರೆ. “ಮೂಗು ಹೇಳ್ತಿತ್ತು, ಕೈ ಇಳಸ್ತಿತ್ತು.”

ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಯಲ್ಲಿ ಊರಿಗೆಲ್ಲ ಬಂದ ಜ್ವರ ಅವರಿಗೂ ಬಂತು. ಹನ್ನೆರಡು ದಿನ ಮಲಗಿ ಎದ್ದರು. ಜ್ವರ ಹೋಯಿತು, ಕೆಮ್ಮು ಹೋಯಿತು, ಅದರ ಜೊತೆ ಹೋದ ವಾಸನೆ ಮಾತ್ರ ತಿರುಗಿ ಬರಲಿಲ್ಲ. ನಾಲಿಗೆಗೆ ಉಪ್ಪು, ಸಿಹಿ, ಹುಳಿ, ಕಹಿ ತಿಳಿಯುತ್ತವೆ. ಆದರೆ ಇದು ಮಾವು, ಇದು ತುಪ್ಪ, ಇದು ಕೊತ್ತಂಬರಿ ಎಂಬ ಗುರುತು ಸಿಗುವುದಿಲ್ಲ. ಇಂದಲ್ಲ ನಾಳೆ ಬಂದೀತು ಎಂದುಕೊಂಡು ಯಾರಿಗೂ ಹೇಳದೆ ಖಾನಾವಳಿಗೆ ಮರಳಿದರು.

ಮೂರನೆಯ ವಾರ ಬೇಳೆ ಸೀದುಹೋಯಿತು. ಊಟಕ್ಕೆ ಕುಳಿತವರು ಎದ್ದು ಒಳಗೆ ಬಂದು ನೋಡಿದಾಗ ಮಹಾನಂದಾ ಅದೇ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದೆ ಎಂದು ಸುಳ್ಳು ಹೇಳಿ ಪಾರಾದರು. ಅದಾದ ಎಂಟು ದಿನಕ್ಕೆ ಒಲೆಯ ಬೆಂಕಿ ಗಾಳಿಗೆ ಆರಿ, ಗ್ಯಾಸ್ ಸುಮ್ಮನೆ ಸೋರುತ್ತಿತ್ತು. ಇನ್ನೊಬ್ಬ ಅಡುಗೆಯಾಕೆ ಓಡಿಬಂದು ಬಂದ್ ಮಾಡಿದರು. ಮಹಾನಂದಾ ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದೇ ನಿಂತಿದ್ದರು.

“ಅವತ್ತ ಮನಿಗಿ ಬಂದು ಕೈ ನೋಡ್ಕೊಂಡೆ. ಕಡ್ಡಿಪೆಟ್ಟಿಗಿ ಇನ್ನೂ ಅದರಾಗೇ ಇತ್ತು. ಒಳಗ ಹತ್ತಾರು ಮಂದಿ ಉಣ್ಣಾಕ ಕುಂತಿದ್ರು. ನಾ ಕಡ್ಡಿ ಗೀರಿದ್ರ ಏನ್ ಗತಿ ಆಗ್ತಿತ್ತು?” ಮರುದಿನ ಮೊಣಕಾಲು ನೋವು ಎಂದು ಹೇಳಿ ಕೆಲಸ ಬಿಟ್ಟರು. ಖಂಡೆಪ್ಪನವರು ಎರಡು ಸಲ ಮನೆಗೆ ಬಂದು ಕರೆದರೂ ಹೋಗಲಿಲ್ಲ. ನಿಜವಾದ ಕಾರಣವನ್ನು ಗಂಡನಿಗೂ ಹೇಳಲಿಲ್ಲ.

ಮನೆಯ ಅಡುಗೆ ಬದಲಾದದ್ದು ವೈಜಿನಾಥ ಅವರಿಗೆ ಗೊತ್ತಾಗಿತ್ತು. “ಉಪ್ಪು ಖಾರ ಬರೋಬ್ಬರಿ ಇರ್ತಿತ್ರಿ, ಒಗ್ಗರಣಿ ಮಾತ್ರ ಹಸೀನ ಇರ್ತಿತ್ತು. ಜ್ವರದಾಗ ಶಕ್ತಿ ಹೋಗ್ಯದ, ಕೇಳಿದ್ರ ಮನಸಿಗಿ ಹಚ್ಕೋತಾಳ ಅಂತ ಸುಮ್ಕ ಉಂಡೆ.” ಮಹಾನಂದಾ ಆಗ ಸೀದೀತೆಂಬ ಹೆದರಿಕೆಯಲ್ಲಿ ಎಲ್ಲವನ್ನೂ ಬೇಗ ಬೇಗ ಇಳಿಸುತ್ತಿದ್ದರು.

ಚಾಕಲೇಟ್ ಪ್ಯಾನ್‌ಕೇಕ್ ಈ ಮನೆಗೆ ಬಂದದ್ದು ಸೊಸೆಯ ಬಯಕೆಯಿಂದ. ಸೊಸೆ ಅರ್ಪಿತಾ ಜಹೀರಾಬಾದಿನ ಹುಡುಗಿ, ಇಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಅದೇ ವರ್ಷದ ದಸರಾ ಮುಗಿದಾಗ ಆಕೆಗೆ ನಾಲ್ಕು ತಿಂಗಳು. ತಿಂದದ್ದೆಲ್ಲ ವಾಂತಿ. ಎರಡು ಸಲ ಆಸ್ಪತ್ರೆಗೆ ಸೇರಿಸಿ ಸಲೈನ್ ಹಚ್ಚಿಸಬೇಕಾಯಿತು. ತೂಕ ಏರುವ ಬದಲು ನಾಲ್ಕು ಕೆ.ಜಿ. ಇಳಿದಿತ್ತು. ಯಾವುದಾದರೂ ಸರಿ, ಹೊಟ್ಟೆಯಲ್ಲಿ ನಿಲ್ಲುವುದನ್ನು ತಿನ್ನಿಸಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಏನು ಬೇಕು ಎಂದು ಅತ್ತೆ ಕೇಳಿದಾಗ ಅರ್ಪಿತಾಗೆ ನೆನಪಾದದ್ದು ಹೈದರಾಬಾದಿನ ಹಾಸ್ಟೆಲಿನಲ್ಲಿ ಗೆಳತಿಯರೊಂದಿಗೆ ಮಾಡಿಕೊಂಡು ತಿನ್ನುತ್ತಿದ್ದ ಚಾಕಲೇಟ್ ಪ್ಯಾನ್‌ಕೇಕ್.

ಮಹಾನಂದಾ ಅದನ್ನು ನೋಡಿರಲೇ ಇಲ್ಲ. ಸೊಸೆ ಫೋನಿನಲ್ಲಿ ಚಿತ್ರ ತೋರಿಸಿದಳು. “ಇದು ಸಿಹಿ ದ್ವಾಸೀನೇ ಅದ, ಜರಾ ದಪ್ಪ, ಬಣ್ಣ ಕಪ್ಪು, ಅಷ್ಟ ಅಂದೆ,” ಎಂದು ಅವರು ನೆನಪಿಸಿಕೊಳ್ಳುತ್ತಾರೆ. ಹಾಸ್ಟೆಲಿನಲ್ಲಿ ಡಬ್ಬಿಯ ಸಿದ್ಧ ಪುಡಿಗೆ ನೀರು ಕಲಸುತ್ತಿದ್ದರಂತೆ. ಅಂಥ ಡಬ್ಬಿ ಆಗ ಊರಿನಲ್ಲಿ ಸಿಗಲಿಲ್ಲ, ಸಿಕ್ಕಿದ್ದರೂ ಮೊಟ್ಟೆ ಹಾಕಿದ್ದೇನಾದರೂ ಆದರೆ ಈ ಲಿಂಗವಂತರ ಮನೆಯ ಒಲೆಗೆ ಬರುತ್ತಿರಲಿಲ್ಲ. ಕೋಕೋ ಪುಡಿಯೊಂದನ್ನು ಮಗನ ಕೈಯಲ್ಲಿ ತರಿಸಿ, ಉಳಿದದ್ದನ್ನೆಲ್ಲ ಮನೆಯಲ್ಲಿದ್ದುದರಿಂದ ಹೊಂದಿಸಿದರು. ಗೋಧಿ ಹಿಟ್ಟು, ಬೆಲ್ಲದ ನೀರು, ಹುಳಿ ಮಜ್ಜಿಗೆ, ಸೋಡಾ, ಬೆಣ್ಣೆ.

ಮೊದಲನೆಯ ದಿನ ಏನಾಯಿತು ಎಂಬುದನ್ನು ಅರ್ಪಿತಾ ಹೇಳುತ್ತಾಳೆ. “ಮನಿ ತುಂಬ ಸೀದ ವಾಸನಿ. ನಾ ಒಳಗ ಹೋಗಿ ನೋಡಿದ್ರ ಅತ್ತಿ ನಗಾಕತ್ಯಾರ. ತಾಟಿನ್ಯಾಗ ಹಾಕಿ, ‘ತಿನ್ನವ್ವ, ಭಾಳ ಚಲೋ ಬಂದದ’ ಅಂದ್ರು. ಕೆಳಗಿನ ಮಗ್ಗಲು ಪೂರಾ ಇದ್ದಲಿ ಆಗಿತ್ತು.”

ಅರ್ಪಿತಾ ತಾಟು ಕೆಳಗಿಟ್ಟು ಕೇಳಿದಳು. “ಅತ್ತಿ, ನಿಮಗ ವಾಸನಿ ಬರಾಕತ್ತಿಲ್ಲೇನ್ರಿ?”

ಮಹಾನಂದಾ ಸೌಟು ಕೆಳಗಿಟ್ಟರು. ಆಮೇಲೆ ಒಲೆ ಆರಿಸಿ ನೆಲದ ಮೇಲೆ ಕುಳಿತರು. “ಇಲ್ಲವ್ವ. ಜ್ವರ ಬಂದಾಗಿಂದ ಇಲ್ಲ. ಯಾರಿಗೂ ಹೇಳಬ್ಯಾಡ.”

“ನಾ ಸಿಟ್ಟಿಗೆದ್ದೆ,” ಎನ್ನುತ್ತಾಳೆ ಅರ್ಪಿತಾ. “ಸೀದದ್ದು ಕೊಟ್ಟಿದ್ದಕ್ಕಲ್ಲ. ಐದಾರು ತಿಂಗಳು ಅಷ್ಟು ದೊಡ್ಡ ಮಾತು ಒಬ್ರೇ ಹೊಟ್ಯಾಗ ಇಟ್ಕೊಂಡಿದ್ರಲ್ಲ, ಅದಕ್ಕ.” ಆ ಸಂಜೆ ವೈಜಿನಾಥ ಅವರಿಗೂ ಪ್ರವೀಣಕುಮಾರನಿಗೂ ಹೇಳಿದವಳು ಅವಳೇ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಯಂತ್ರವನ್ನು ಮಗ ಮರುವಾರವೇ ತಂದು ಗೋಡೆಗೆ ಹಚ್ಚಿದ. ಮಹಾನಂದಾ ಮತ್ತೆ ಒಲೆಯ ಹತ್ತಿರ ಹೋಗುವುದಿಲ್ಲ ಎಂದರು. ತನ್ನ ಬಯಕೆಯ ತಿಂಡಿಯನ್ನು ಅತ್ತೆಯೇ ಮಾಡಿಕೊಡಬೇಕು ಎಂದು ಸೊಸೆ ಹಟ ಹಿಡಿದಳು.

ಇಲ್ಲಿಂದ ಕತೆ ಒಂದು ಪ್ರಯೋಗಶಾಲೆಗೆ ಹೊರಳುತ್ತದೆ. ಬಿಳಿ ದ್ವಾಸಿಯಾದರೆ ಅಂಚು ಕೆಂಪಾಗುವುದು ಕಣ್ಣಿಗೆ ಕಾಣುತ್ತದೆ. ಚಾಕಲೇಟ್ ಹಿಟ್ಟು ಹಸಿಯಾಗಿದ್ದಾಗಲೇ ಕಂದು. ಬೆಂದರೂ ಕಂದು, ಸೀಯಲು ಹತ್ತಿದರೂ ಸುಮಾರು ಅದೇ ಬಣ್ಣ. ಬಾಯಿಗೆ ಹಾಕಿಕೊಂಡರೂ ಕೋಕೋದ ಕಹಿ ಯಾವುದು, ಸೀದ ಕಹಿ ಯಾವುದು ಎಂಬುದು ಮಹಾನಂದಾ ಅವರಿಗೆ ತಿಳಿಯುವುದಿಲ್ಲ. ಕಣ್ಣೂ ಇಲ್ಲ, ಮೂಗೂ ಇಲ್ಲ. ಹಾಗಾದರೆ ಯಾವಾಗ ತಿರುವಬೇಕು?

ಅತ್ತೆ ಸೊಸೆ ಹಂಚಿನ ಮುಂದೆ ಕುಳಿತು ನೋಡುತ್ತಾ ಹೋದರು. ಹಿಟ್ಟು ಹಾಕಿದ ಸ್ವಲ್ಪ ಹೊತ್ತಿಗೆ ಮೇಲೆ ಗುಳ್ಳೆಗಳೇಳುತ್ತವೆ. ಮೊದಲ ಗುಳ್ಳೆಗಳು ಒಡೆದಾಗ ಆ ತೂತು ಮತ್ತೆ ಹಿಟ್ಟಿನಿಂದ ಮುಚ್ಚಿಕೊಳ್ಳುತ್ತದೆ. ಆಗ ತಿರುವಿದರೆ ಒಳಗೆ ಹಸಿ. ಒಡೆದ ತೂತು ಮುಚ್ಚಿಕೊಳ್ಳದೆ ಹಾಗೇ ಉಳಿದು, ಅಂಚಿನ ಹೊಳಪು ಆರಿದಾಗ ತಿರುವಿದರೆ ಸರಿಯಾಗಿರುತ್ತದೆ. ಒಂದೊಂದನ್ನೂ ನಡುವೆ ಮುರಿದು ನೋಡಿದರು. ಎರಡು ದಿನದಲ್ಲಿ ಹನ್ನೊಂದು ಹಾಳಾದವು. ಹನ್ನೆರಡನೆಯದನ್ನು ಅರ್ಪಿತಾ ಪೂರ್ತಿ ತಿಂದಳು, ಇನ್ನೊಂದು ಕೇಳಿದಳು.

“ಒಂದು ತಾಸು ಆತು, ಎರಡು ತಾಸು ಆತು. ಆಕಿ ಬಚ್ಚಲಕಡಿ ಓಡ್ತಾಳೇನೋ ಅಂತ ನಾ ಬಾಗಲದಾಗ ಕುಂತಿದ್ದೆ. ಓಡಲಿಲ್ಲ. ನಿದ್ದಿ ಹತ್ತಿತು ಆಕಿಗಿ,” ಎನ್ನುವಾಗ ಮಹಾನಂದಾ ಅವರ ದನಿ ಇಳಿಯುತ್ತದೆ. ಆಮೇಲಿನ ಒಂದು ತಿಂಗಳು ಅರ್ಪಿತಾಳ ಹೊಟ್ಟೆಯಲ್ಲಿ ನಿಂತದ್ದು ಎಳನೀರು, ಅನ್ನ ಮೊಸರು ಮತ್ತು ಇದು. ಮೊಮ್ಮಗಳು ಮಂದಾರ ಹುಟ್ಟಿದಾಗ ಎರಡೂವರೆ ಕೆ.ಜಿ. ಇದ್ದಳು. ಈಗ ಅಂಗನವಾಡಿಗೆ ಹೋಗುತ್ತಾಳೆ.

ಇವತ್ತಿನ ಕೆಲಸ ನೋಡಿ. ಮಹಾನಂದಾ ಗೋಧಿ ಹಿಟ್ಟಿಗೆ ಒಂದೆರಡು ಮುಷ್ಟಿ ಜೋಳದ ಹಿಟ್ಟು ಸೇರಿಸುತ್ತಾರೆ, ಅಂಚು ಗರಿಗರಿಯಾಗಲಿ ಎಂದು. ಕೋಕೋ ಮತ್ತು ಸೋಡಾ ಹಾಕಿ ಮೂರು ಸಲ ಜರಡಿ ಹಿಡಿಯುತ್ತಾರೆ. ಬೆಲ್ಲವನ್ನು ಹಿಂದಿನ ಸಂಜೆಯೇ ಕರಗಿಸಿ, ಸೋಸಿ, ಆರಿಸಿಟ್ಟಿರುತ್ತಾರೆ. ಅದಕ್ಕೆ ಮಜ್ಜಿಗೆ, ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು. ಕಲಸುವಾಗ ಮಾತ್ರ ಕೈ ಬಿಗಿಹಿಡಿಯುತ್ತಾರೆ. “ಭಾಳ ತಿರುವಿದ್ರ ರಬ್ಬರ್ ಆಗ್ತದ್ರಿ. ಸಣ್ಣ ಸಣ್ಣ ಗಂಟು ಉಳೀಬೇಕು.” ಹತ್ತು ನಿಮಿಷ ಮುಚ್ಚಿಟ್ಟು, ರೊಟ್ಟಿ ಸುಡುವ ಹಳೆಯ ಕಬ್ಬಿಣದ ಹಂಚನ್ನು ಒಲೆಯ ಮೇಲಿಡುತ್ತಾರೆ. ನೀರಿನ ಹನಿ ಚಿಮುಕಿಸಿದರೆ ಅದು ಅತ್ತಿತ್ತ ಓಡಾಡಿ ಆರಬೇಕು. ಬಿದ್ದಲ್ಲೇ ಕುಳಿತು ಕುದಿದರೆ ಹಂಚು ಇನ್ನೂ ಕಾದಿಲ್ಲ.

ಒಂದು ಸೌಟು ಹಿಟ್ಟು ಬೀಳುತ್ತದೆ. ಮಹಾನಂದಾ ಬಗ್ಗಿ ಗುಳ್ಳೆಗಳನ್ನೇ ನೋಡುತ್ತಾರೆ, ಕಿವಿಯನ್ನೂ ಒಡ್ಡುತ್ತಾರೆ. ಹಸಿ ಹಿಟ್ಟಿನ ಸದ್ದು ದಪ್ಪ, ಬೆಂದದ್ದರ ಸದ್ದು ಸಣ್ಣ ಎನ್ನುವುದು ಅವರ ಅನುಭವ. ತಿರುವಿದ ಮೇಲೆ ಎರಡನೆಯ ಮಗ್ಗುಲಿನ ಗುಳ್ಳೆ ಕಾಣುವುದಿಲ್ಲವಲ್ಲ, ಅದಕ್ಕೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರಿಗೆ ಸ್ವಲ್ಪ ಸಂಕೋಚ. “ನಮಃ ಶಿವಾಯ ಅಂತ ಇಪ್ಪತ್ತೇಳು ಸಲ ಅಂತೀನ್ರಿ. ಬರೋಬ್ಬರಿ ಬೆಂದಿರ್ತದ. ದೇವರಿಗಿ ಗಡಿಯಾರ ಮಾಡೀನಿ, ಆತ ಏನ್ ಅನ್ಕೋತಾನೋ ಏನೋ.”

ಹೀಗೆ ದಿನಕ್ಕೆ ಅರವತ್ತು, ಭಾನುವಾರ ತೊಂಬತ್ತು. ಬಾಣಂತನ ಮುಗಿಸಿ ಶಾಲೆಗೆ ಮರಳಿದ ಅರ್ಪಿತಾ ಡಬ್ಬಿಯಲ್ಲಿ ಒಯ್ದದ್ದನ್ನು ಸ್ಟಾಫ್ ರೂಮಿನವರು ತಿಂದು ಕೇಳತೊಡಗಿದ್ದರಿಂದ ಇದು ಶುರುವಾಯಿತು. ಈಗ ಆರೂವರೆಗೆ ವೈಜಿನಾಥ ಅಷ್ಟರಲ್ಲಿ ಆದವನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಸ್ಕೂಟರಿಗೆ ಕಟ್ಟಿ ಸ್ಟೇಷನ್ನಿನ ಮುಂದಿನ ಚಹಾದ ಅಂಗಡಿಗೆ ಮುಟ್ಟಿಸುತ್ತಾರೆ; ಉಳಿದವು ಊರ ಮನೆಗಳಿಗೆ ಹೋಗುತ್ತವೆ. ಹೈದರಾಬಾದಿನ ಕಡೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವವರು ಕಾಗದದಲ್ಲಿ ಸುತ್ತಿಸಿಕೊಂಡು ಹತ್ತುತ್ತಾರೆ. ಕನ್ನಡದವರು ಇದನ್ನು ಚಾಕಲೇಟ್ ದ್ವಾಸಿ ಎನ್ನುತ್ತಾರೆ, ತೆಲುಗಿನವರು ಚಾಕಲೇಟ್ ಅಟ್ಟು ಎನ್ನುತ್ತಾರೆ. ಪ್ಯಾನ್‌ಕೇಕ್ ಎನ್ನುವವರು ಕಡಿಮೆ.

ವಾಸನೆ ಬರುವುದಿಲ್ಲ ಎಂಬ ಮಾತು ಮೊದಲು ಮನೆಯವರನ್ನು ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಬೆಣ್ಣೆ, ಮಜ್ಜಿಗೆ ಮೂಸಿ ನೋಡುವ ಕೆಲಸ ಆಗ ಅರ್ಪಿತಾಳದಾಗಿತ್ತು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವಳು ಮಗುವನ್ನು ಕರೆದುಕೊಂಡು ಒಂದು ವಾರ ಜಹೀರಾಬಾದಿನ ತವರಿಗೆ ಹೋದಳು. ಆಗ ಕೊಡುತ್ತಿದ್ದುದು ಊರ ಮನೆಗಳಿಗಷ್ಟೇ. ಮೂರನೆಯ ದಿನ ಇಪ್ಪತ್ತೆರಡು ಮನೆಗಳಿಗೆ ಹೋದ ಚಾಕಲೇಟ್ ದ್ವಾಸಿಯಲ್ಲಿ ಬೆಣ್ಣೆ ಕೆಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ, ಏಕೆಂದರೆ ಯಾರೂ ಎರಡನೆಯ ತುತ್ತು ತಿನ್ನಲಿಲ್ಲ. ಒಬ್ಬ ಟೀಚರ್ ಮಾತ್ರ ಫೋನ್ ಮಾಡಿ, ಬೇಸರ ಮಾಡಿಕೊಳ್ಳಬೇಡಿ ಎಂದು ಮೊದಲೇ ಹೇಳಿ ವಿಷಯ ತಿಳಿಸಿದರು.

ಮಹಾನಂದಾ ಫೋನ್ ಇಟ್ಟು, ಸೀರೆ ಬದಲಿಸಿ, ಇಪ್ಪತ್ತೆರಡೂ ಮನೆಗೆ ನಡೆದು ಹೋದರು. ಎಲ್ಲ ಬಾಗಿಲಲ್ಲೂ ಒಂದೇ ಮಾತು. ತಪ್ಪಾಗಿದೆ, ಬೆಣ್ಣೆ ಕೆಟ್ಟಿದ್ದು ನನಗೆ ತಿಳಿಯಲಿಲ್ಲ, ನನಗೆ ವಾಸನೆ ಬರುವುದಿಲ್ಲ. “ಮೊದಲನೇ ಮನ್ಯಾಗ ಹೇಳಾಕ ಭಾಳ ಭಾರ ಅನಸ್ತು. ಹತ್ತನೇ ಮನಿಗಿ ಬರೋತನಾ ಹಗುರಾತು. ಕಡೀಕ ಕಡೀಕ ನಾನೇ ನಕ್ಕೋತ ಹೇಳಿದೆ.” ನಾಲ್ಕು ಮನೆಯವರು ಇನ್ನು ಬೇಡ ಎಂದರು. ಅದನ್ನು ಹೇಳುವಾಗ ಅವರಲ್ಲಿ ದೂರಿಲ್ಲ. “ನಾ ಇದ್ರೂ ಹಂಗೇ ಅಂತಿದ್ದೆ. ಕೂಸುಗಳು ತಿಂತಾವ್ರಿ.”

ಇಪ್ಪತ್ತೆರಡನೆಯ ಬಾಗಿಲು ಅನಸೂಯಾಬಾಯಿಯವರದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಮಾಡಿ ನಿವೃತ್ತರಾದ ಅರವತ್ತೆಂಟರ ಹೆಂಗಸು. ಮೊಮ್ಮಕ್ಕಳಿಗಾಗಿ ತರಿಸಿಕೊಳ್ಳುತ್ತಿದ್ದರು. ಮರುದಿನ ಬೆಳಗ್ಗೆ ಐದಕ್ಕೆ ಬಂದು ಬಾಗಿಲು ಬಡಿದರು.

“ನನಗ ಸಕ್ಕರಿ ಕಾಯಿಲಿ ಅದ,” ಎಂದು ಅನಸೂಯಾಬಾಯಿ ಕುರ್ಚಿಯಲ್ಲಿ ಕುಳಿತೇ ನನಗೆ ವಿವರಿಸುತ್ತಾರೆ. “ಡಾಕ್ಟರ್ ತಿನ್ನಬ್ಯಾಡ ಅಂದಾನ, ಮೂಸಬ್ಯಾಡ ಅಂದಿಲ್ಲ. ಐದಕ್ಕ ಹೆಂಗೂ ಎಚ್ಚರ ಆಗ್ತದ. ಈಕಿಗಿ ಅಂದೆ, ಹಿಡಿ ಇಲ್ಲಿ, ಏನೇನ್ ಅದ ತೋರ್ಸು.” ಅಂದಿನಿಂದ ಊರಲ್ಲಿದ್ದಾಗ ಒಂದು ದಿನವೂ ತಪ್ಪಿಸಿಲ್ಲ. ಮಗಳ ಮನೆಗೆ ಹೋಗಬೇಕಾದರೆ ಅರ್ಪಿತಾಗೆ ಮೊದಲೇ ಹೇಳಿ ಹೋಗುತ್ತಾರೆ. ಈಗ ಗೋಧಿ ಯಾವ ಗಿರಣಿಯಲ್ಲಿ ಬೀಸಿದ್ದು ಎಂಬುದನ್ನೂ ಹೇಳಬಲ್ಲರು ಎಂದು ಮಹಾನಂದಾ ನಗುತ್ತಾರೆ.

ಇಪ್ಪತ್ತೆರಡು ಬಾಗಿಲಲ್ಲಿ ಹೇಳಿದ ಮಾತು ಊರು ದಾಟಿತು. ಹೋದ ಚಳಿಗಾಲದಲ್ಲಿ ನಾರಾಯಣಖೇಡದಿಂದ ಎರಡು ಬಸ್ಸು ಬದಲಿಸಿ ಒಬ್ಬ ಹೆಂಗಸು ಈ ಮನೆ ಹುಡುಕಿಕೊಂಡು ಬಂದರು. ಹೆಸರು ತಾರಾಬಾಯಿ, ಬೇಳೆ ವ್ಯಾಪಾರದ ಮನೆತನದವರು. ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವರಿಗೂ ವಾಸನೆ ಹೋಗಿತ್ತು. ಒಂದು ವರ್ಷದಿಂದ ಒಲೆ ಹಚ್ಚಿರಲಿಲ್ಲ.

“ಆಕಿ ಮನಿ ಒಳಗ ಬಂದ್ಲು ನೋಡ್ರಿ,” ಎನ್ನುತ್ತಾರೆ ಮಹಾನಂದಾ. “ಇಲ್ಲೇ ಕುಂತು ಅಳಾಕತ್ಲು. ನಾನೂ ಅತ್ತೆ. ಆಮ್ಯಾಲ ಅಂದೆ, ಏಳ್ರಿ, ಹಿಟ್ಟು ಕಲಸೋಣ.” ತಾರಾಬಾಯಿ ಎರಡು ದಿನ ಇಲ್ಲೇ ಉಳಿದರು. ಗುಳ್ಳೆ ನೋಡುವುದು, ಸದ್ದು ಕೇಳುವುದು, ಬೆರಳಿನಿಂದ ಒತ್ತಿ ನೋಡುವುದು ಕಲಿತರು. ಮೊದಲು ಸುಟ್ಟರು, ಆಮೇಲೆ ಹಸಿ ಇಳಿಸಿದರು, ಎರಡನೆಯ ದಿನ ಮಧ್ಯಾಹ್ನ ಮೂರು ಸರಿಯಾಗಿ ಬಂದವು. ಅವನ್ನು ಗಂಡನಿಗೆ ತೋರಿಸಲು ಡಬ್ಬಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು. ಗೋಡೆಗೆ ಹಚ್ಚುವ ಗ್ಯಾಸಿನ ಯಂತ್ರ ಎಲ್ಲಿ ಸಿಗುತ್ತದೆ ಎಂಬುದನ್ನೂ ಬರೆಸಿಕೊಂಡು ಹೋದರು. ಈಗ ಅವರ ಮನೆಯ ಅಡುಗೆ ಮತ್ತೆ ಅವರದೇ. ವಾರಕ್ಕೊಮ್ಮೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ, ಬಹುತೇಕ ಒಗ್ಗರಣೆಯ ಬಗ್ಗೆ. ಸಾಸಿವೆ ಸಿಡಿಯುವುದನ್ನು ಎಷ್ಟರವರೆಗೆ ಕೇಳಬೇಕು, ಬೆಳ್ಳುಳ್ಳಿ ಯಾವಾಗ ಹಾಕಬೇಕು ಎಂದು.

ಮಹಾನಂದಾ ಅವರ ಮೂಗು ತಿರುಗಿ ಬರುತ್ತದೆಯೇ? ಜಹೀರಾಬಾದಿನ ಡಾಕ್ಟರು ಹೂಂ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ದಿನಕ್ಕೆರಡು ಸಲ ಲವಂಗ, ನಿಂಬೆಸಿಪ್ಪೆಯಂಥವನ್ನು ಮನಸ್ಸಿಟ್ಟು ಮೂಸುವ ಅಭ್ಯಾಸ ಮಾಡಿ ಎಂದಿದ್ದಾರೆ. ಮಹಾನಂದಾ ಅದನ್ನು ಬಿಡದೆ ಮಾಡುತ್ತಾರೆ. ಕೆಲವು ತಿಂಗಳಿಂದ ಲವಂಗದ ಹತ್ತಿರ ಹೋದಾಗ ಮೂಗಿನ ಬುಡದಲ್ಲಿ ಏನೋ ಒಂದು ಇದ್ದಂತೆ ಅನ್ನಿಸುತ್ತದಂತೆ. ಅದು ಲವಂಗವೋ ಬರೀ ಆಸೆಯೋ ಗೊತ್ತಿಲ್ಲ ಎನ್ನುತ್ತಾರೆ.

ಎಂಟು ಗಂಟೆಗೆ ಕೊನೆಯ ದ್ವಾಸಿ ಇಳಿಯುತ್ತದೆ. ಅನಸೂಯಾಬಾಯಿ ತಮ್ಮ ಕುರ್ಚಿ ಎತ್ತಿ ಗೋಡೆಗೆ ಒರಗಿಸಿ ಮನೆಗೆ ಹೊರಡುತ್ತಾರೆ. ನನ್ನ ಮುಂದೆ ಒಂದು ತಾಟು ಬರುತ್ತದೆ. ಹೊರಗೆ ತೆಳುವಾದ ಗರಿ, ಒಳಗೆ ಹತ್ತಿಯಂಥ ಮೆದು, ಬೆಲ್ಲದ ಹಿಂದೆ ಕೋಕೋದ ಹದವಾದ ಕಹಿ. ಮಹಾನಂದಾ ನಾನು ತಿನ್ನುವುದನ್ನೇ ನೋಡುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ. ಅವರು ಹೂಂ ಎನ್ನುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದಾಗ ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೆ ಕುಳಿತುಕೊಳ್ಳುತ್ತಾರೆ.

“ಖರೇ ಹೇಳ್ಲೇನ್ರಿ? ಎಲ್ಲಾರೂ ಚಲೋ ಅದ, ಚಲೋ ಅದ ಅಂತಾರ. ನಾ ಹೂಂ ಅಂತೀನಿ. ಒಂದ್ ದಿವಸ ನಾನೇ ಒಂದು ತಿಂದು, ‘ಇವತ್ತ ಕೋಕೋ ಜರಾ ಹೆಚ್ಚಾತು, ನಾಳಿ ಕಮ್ಮಿ ಹಾಕಬೇಕು’ ಅನಬೇಕು. ನನ್ನ ಕೈ ಅಡಗಿಗಿ ನಾನೇ ಹೆಸರಿಡಬೇಕ್ರಿ, ನಾನೇ ತಪ್ಪು ತೆಗೀಬೇಕು. ಅಷ್ಟಾದ್ರ ಸಾಕು.”